ಏಳನೇ ಕ್ಲಾಸಿನವಳಿಗೆ ನಾಲ್ಕನೇ ಕ್ಲಾಸಿನ ಲೆಕ್ಕ: ಖಾನ್ ಅಕಾಡೆಮಿ ನಮಗೆ ಹೇಗೆ ಉಪಯೋಗಕ್ಕೆ ಬಂತು

ನನ್ನ ಮಗಳು ಈಗ ಏಳನೇ ಕ್ಲಾಸು. ಗಣಿತ ಪರೀಕ್ಷೆಯ ಹಿಂದಿನ ರಾತ್ರಿ ಅವಳಿಗೆ ಹೊಟ್ಟೆನೋವು ಬರುತ್ತಿತ್ತು. ನೆಪ ಅಂದುಕೊಂಡು ಗದರಿದ್ದೂ ಇದೆ. ತಪ್ಪು ನನ್ನದೇ, ನೋವು ನಿಜವಾಗಿಯೂ ಇತ್ತು. ಆಗ ಹೋಗುತ್ತಿದ್ದ ಟ್ಯೂಷನ್‌ನಲ್ಲಿ ಎಲ್ಲರ ಮುಂದೆ ನಿಲ್ಲಿಸಿ ಮಗ್ಗಿ ಕೇಳುತ್ತಿದ್ದರು, ಮನೆಯಲ್ಲಿ ಸರಾಗವಾಗಿ ಹೇಳುತ್ತಿದ್ದ ಹದಿಮೂರರ ಮಗ್ಗಿ ಅಲ್ಲಿ ಬಾಯಿಗೇ ಬರುತ್ತಿರಲಿಲ್ಲ. ಇದು ಸೋಮಾರಿತನ ಅಲ್ಲ. ಲೆಕ್ಕ ಮಾಡುವಾಗ ದಶಕವನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳಬೇಕು ಅಲ್ವಾ, ಆ ಜಾಗದಲ್ಲಿ ಭಯ ಬಂದು ಕೂತುಬಿಡುತ್ತದೆ.

ಟ್ಯೂಷನ್ ಬಿಡಿಸಿ ನಾಲ್ಕು ತಿಂಗಳಿಂದ ಖಾನ್ ಅಕಾಡೆಮಿ ಅನ್ನೋ ಆನ್‌ಲೈನ್ ಪಾಠಗಳ ತಾಣ ಬಳಸುತ್ತಿದ್ದೇವೆ. ಪೂರ್ತಿ ಉಚಿತ, ಜಾಹೀರಾತಿಲ್ಲ, ಕನ್ನಡದಲ್ಲೂ ಇದೆ. ಇದು ಶುರುವಾಗಿದ್ದೇ ಇಂಥ ಒಬ್ಬ ಹುಡುಗಿಯಿಂದ. ಅವಳಿಗೆ ಆಗ 12 ವರ್ಷ, ಅಳತೆಯ ಮಾನ ಬದಲಿಸುವ ಲೆಕ್ಕ ಬಾರದೆ ಗಣಿತದಲ್ಲಿ ಹಿಂದೆ ಬಿದ್ದಿದ್ದಳು. 2004ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿದ್ದ ಇದರ ಸ್ಥಾಪಕ ಸಲ್ಮಾನ್ ಖಾನ್ (ಸಿನಿಮಾ ನಟ ಅಲ್ಲ), ನ್ಯೂ ಆರ್ಲಿಯನ್ಸ್‌ನಲ್ಲಿದ್ದ ಈ ನೆಂಟರ ಹುಡುಗಿಗೆ ಫೋನಿನಲ್ಲೇ ಪಾಠ ಹೇಳಿಕೊಟ್ಟರು. ಆಮೇಲೆ 2006ರಲ್ಲಿ ಯೂಟ್ಯೂಬ್‌ಗೆ ವಿಡಿಯೋ ಹಾಕಿದಾಗ, ಎದುರಿಗಿನ ಅಣ್ಣನಿಗಿಂತ ವಿಡಿಯೋದ ಅಣ್ಣನೇ ವಾಸಿ ಅಂದರಂತೆ ಮನೆಯ ಮಕ್ಕಳು. ಎಷ್ಟು ಸಲ ಹಿಂದಕ್ಕೆ ಹೋಗಿ ನೋಡಿದರೂ ನಾಚಿಕೆ ಇಲ್ಲವಲ್ಲ!

ನಮ್ಮನೆಯಲ್ಲೂ ಕೆಲಸ ಮಾಡಿದ್ದು ಅದೇ. ಮಗಳು ½ + ⅓ ಅಂದರೆ ⅖ ಅಂತ ಬರೆಯುತ್ತಿದ್ದಳು, ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸಿ. ಲ.ಸಾ.ಅ. ತೆಗಿ ಅಂತ ಸಾವಿರ ಸಲ ಹೇಳಿದ್ದೆ. ಇಲ್ಲಿ ಯಾವ ತರಗತಿಯ ಪಾಠ ಬೇಕಾದರೂ ತೆರೆಯಬಹುದು, ಹಾಗಾಗಿ ಸುಮ್ನೆ ನಾಲ್ಕನೇ ಕ್ಲಾಸಿನ ಭಿನ್ನರಾಶಿಗೆ ವಾಪಸ್ ಹೋದೆವು. ಪಟ್ಟಿಯನ್ನು ಸಮಭಾಗ ಮಾಡಿ ತೋರಿಸುವ ಚಿತ್ರಗಳನ್ನೇ ಎರಡು ವಾರ ನೋಡಿದಳು. ಒಂದು ಸಂಜೆ ಅವಳೇ ಕೇಳಿದಳು, "ಅರ್ಧಕ್ಕೆ ಇನ್ನಷ್ಟು ಸೇರಿಸಿದ ಮೇಲೆ ಅರ್ಧಕ್ಕಿಂತ ಕಡಿಮೆ ಹೇಗಮ್ಮ ಆಗುತ್ತೆ?" ನನಗೆ ಕಣ್ಣಲ್ಲಿ ನೀರು ಬಂತು.

ಅಭ್ಯಾಸದ ಲೆಕ್ಕಗಳಲ್ಲಿ ಗಡಿಯಾರ ಓಡುವುದಿಲ್ಲ. ತಪ್ಪಾದರೆ ಮತ್ತೆ ಪ್ರಯತ್ನಿಸಬಹುದು, ಸುಳಿವು ಹಂತ ಹಂತವಾಗಿ ತೆರೆಯುತ್ತದೆ. ಸುಳಿವು ನೋಡಿದರೆ ಆ ಲೆಕ್ಕ ಸರಿ ಉತ್ತರವೆಂದು ಸೇರುವುದಿಲ್ಲ, ಅದು ಮೊದಲು ಅವಳಿಗೆ ಬೇಜಾರಾಯಿತು, ಈಗ ಅಭ್ಯಾಸವಾಗಿದೆ.

ಆದರೆ ಫೋನ್ ಕೈಗೆ ಕೊಟ್ಟು ನೀವು ಅಡುಗೆಮನೆಗೆ ಹೋದರೆ ಆಗುವುದಿಲ್ಲ. ದಿನಕ್ಕೆ 20 ನಿಮಿಷ ಪಕ್ಕದಲ್ಲಿ ಕೂರುತ್ತೇನೆ. "ನಂಗೂ ಲೆಕ್ಕ ಬರ್ತಿರಲಿಲ್ಲ ಬಿಡು" ಅನ್ನುವುದನ್ನು ಪೂರ್ತಿ ನಿಲ್ಲಿಸಿದ್ದೇನೆ, ಆ ಮಾತು ಅವಳಿಗೆ ಸಮಾಧಾನಕ್ಕಿಂತ ಭಯವನ್ನೇ ಜಾಸ್ತಿ ಕೊಡುತ್ತಿತ್ತು. ಹಂತಗಳನ್ನು ಬರೆಯುವುದು, ಕೈವಾರ ಹಿಡಿದು ರಚನೆ ಮಾಡುವುದು ನೋಟ್‌ಬುಕ್ಕಿನಲ್ಲೇ ಕಲಿಯಬೇಕು.

ಹೋದ ತಿಂಗಳ ಕಿರುಪರೀಕ್ಷೆಯಲ್ಲಿ 20ಕ್ಕೆ 11 ಬಂತು. ಹಿಂದಿನ ರಾತ್ರಿ ಮೊಸರನ್ನ ಉಂಡು ಒಂಬತ್ತೂವರೆಗೆ ಮಲಗಿದ್ದಳು. ನಿಮ್ಮ ಮಗುವಿಗೂ ಹೀಗಿದ್ದರೆ ಈಗಿನ ತರಗತಿಯ ಪಾಠದಿಂದ ಶುರು ಮಾಡಬೇಡಿ, ಎರಡು ಮೂರು ವರ್ಷ ಹಿಂದಕ್ಕೆ ಹೋಗಿ.