ಸೆಕೆಂಡ್ ಹ್ಯಾಂಡ್ ಡೈವಿಂಗ್ ಸೆಟ್ ಕೊಳ್ಳುವ ಮುಂಚೆ, ಹೋಸ್ ಟೈಟ್ ಮಾಡಿದ್ದು ಯಾರು ಅಂತ ಕೇಳಿ

ದಕ್ಷಿಣ ಕೊಡಗಿನಲ್ಲಿ ಒಬ್ಬರು ಹಳೆಯ ಸ್ಕೂಬಾ ಸೆಟ್‌ಗಳನ್ನು (ನೀರಿನಡಿಯಲ್ಲಿ ಉಸಿರಾಡುವ ಸಲಕರಣೆ) ತರಿಸಿ, ಗಾಳಿಯ ಹೋಸ್ ಬದಲಾಯಿಸಿ ಮಾರುತ್ತಿದ್ದಾರೆ. ಅವರ ಹೆಸರು, ಊರು ಇಲ್ಲಿ ಹಾಕುವುದಿಲ್ಲ. ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ ಡೈವಿಂಗ್ ಕಲಿತು ಬಂದ ನಮ್ಮ ಹುಡುಗರು ಅವರ ಹತ್ತಿರ ಕೊಳ್ಳುತ್ತಿದ್ದಾರೆ. ತೋಟದ ಕೆರೆಯಲ್ಲಿ ಪಂಪಿನ ಫುಟ್‌ವಾಲ್ವ್ (ನೀರು ಎಳೆಯುವ ಪೈಪಿನ ತುದಿಯ ವಾಲ್ವ್) ಸಿಕ್ಕಿಹಾಕಿಕೊಂಡರೆ ಬಿಡಿಸೋಕೆ ಒಂದಿರಲಿ ಅಂತ ಕೊಂಡವರೂ ಇದ್ದಾರೆ. ನನ್ನ ಚಿಕ್ಕಪ್ಪನ ಮಗನೂ ಕೊಂಡ. ಆ ಸೆಟ್ಟು ನೀರಿನಡಿಯಲ್ಲಿ ಅವನ ಕೈಬಿಟ್ಟಿತು. ಹೋಸ್ ಸಡಿಲ ಇತ್ತು ಅಂತಲ್ಲ. ಮಿತಿ ಮೀರಿ ಟೈಟ್ ಮಾಡಿದ್ದರು.

ಕೊಡುವಾಗ ಅವರು ಹೇಳಿದ ಮಾತು: "ಹೋಸೆಲ್ಲ ಹೊಸದು. ನಾನೇ ನಿಂತು ಟೈಟ್ ಮಾಡಿಸಿದ್ದೀನಿ, ಇನ್ನು ಆನೆ ಎಳೆದರೂ ಬರಲ್ಲ."

ನಾವು ಪರೀಕ್ಷೆ ಮಾಡದೆ ಇಳಿಯಲಿಲ್ಲ. ಸಿಲಿಂಡರಿಗೆ ಜೋಡಿಸಿ, ಗೇಜಿನ ಗಾಜನ್ನು ಮುಖದಿಂದ ಆಚೆ ತಿರುಗಿಸಿಟ್ಟು, ವಾಲ್ವನ್ನು ನಿಧಾನಕ್ಕೆ ತೆರೆದು, ಇಡೀ ರೆಗ್ಯುಲೇಟರನ್ನು (ಸಿಲಿಂಡರಿನ ಒತ್ತಡ ಇಳಿಸಿ ಬಾಯಿಗೆ ಗಾಳಿ ಕೊಡುವ ಭಾಗ) ಪಂಪ್‌ಹೌಸಿನ ಪಕ್ಕದ ತೊಟ್ಟಿಯಲ್ಲಿ ಮುಳುಗಿಸಿದೆವು. ಒಂದೇ ಒಂದು ಗುಳ್ಳೆ ಏಳಲಿಲ್ಲ. ವಾಲ್ವ್ ಮುಚ್ಚಿ ಸ್ವಲ್ಪ ಹೊತ್ತು ಕಾದರೂ ಗೇಜಿನ ಮುಳ್ಳು ಕದಲಲಿಲ್ಲ. ಇಲ್ಲೇ ಎಲ್ಲರೂ ಮೋಸ ಹೋಗುವುದು. ಈ ಪರೀಕ್ಷೆಯಲ್ಲಿ ಗೊತ್ತಾಗುವುದು ಸೋರಿಕೆ ಮಾತ್ರ. ಲೋಹ ಒಳಗೊಳಗೇ ಬಿರುಕು ಬಿಟ್ಟಿದ್ದರೆ ಅದು ಗುಳ್ಳೆ ತೋರಿಸುವುದಿಲ್ಲ.

ಮಾರ್ಚ್ ತಿಂಗಳು. ಹೂಮಳೆ ಬರಲಿಲ್ಲ, ರೊಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಹಾಕಲೇಬೇಕಿತ್ತು, ಫುಟ್‌ವಾಲ್ವ್ ನೋಡಿದರೆ ಹೂಳಿನಲ್ಲಿ ಕೂತಿತ್ತು. ನೀರು ಎರಡಾಳು ಆಳ. ಸೊಂಟಕ್ಕೆ ಕಟ್ಟಿದ ಹಗ್ಗ ಹಿಡಿದು ನಾನು ಏರಿಯ ಮೇಲೆ ನಿಂತಿದ್ದೆ. ಅವನು ಸಕ್ಷನ್ ಪೈಪನ್ನು ಅಲುಗಾಡಿಸುತ್ತಾ ಕತ್ತು ಒಂದು ಕಡೆಗೆ ತಿರುಗಿಸಿದ್ದಾನೆ, ಬಾಯಿಗೆ ಬರುವ ಹೋಸ್ ಎಳೆತಕ್ಕೆ ಸಿಕ್ಕಿದೆ, ಫಸ್ಟ್ ಸ್ಟೇಜಿನ (ರೆಗ್ಯುಲೇಟರಿನಲ್ಲಿ ಸಿಲಿಂಡರಿಗೆ ಕೂರುವ ಭಾಗ) ಬುಡದಲ್ಲಿ ಪಟ್ಟನೆ ತುಂಡಾಗಿದೆ. ಮೇಲಿದ್ದ ನನಗೆ ಕಂಡದ್ದು ಒಮ್ಮೆಗೇ ಉಕ್ಕಿಬಂದ ಗುಳ್ಳೆ, ಕೆಸರು. ಉಸಿರು ಹಿಡಿದುಕೊಳ್ಳದೆ, ಬಿಡುತ್ತಲೇ ಮೇಲೆ ಬಂದ. ನೇತ್ರಾಣಿಯಲ್ಲಿ ಕಲಿಸಿದ್ದು ಆ ಹೊತ್ತಿಗೆ ಅವನಿಗೆ ನೆನಪಾಗಿದ್ದೇ ದೊಡ್ಡದು. ಅಷ್ಟು ಕಡಿಮೆ ಆಳದಲ್ಲೂ ಉಸಿರು ಕಟ್ಟಿಕೊಂಡು ಮೇಲೆದ್ದರೆ ಶ್ವಾಸಕೋಶ ಹರಿಯಬಹುದು. ದಡಕ್ಕೆ ಎಳೆದುಕೊಂಡ ಮೇಲೂ ಸಿಲಿಂಡರ್ ಬೊಬ್ಬಿಡುತ್ತಲೇ ಇತ್ತು. ಹೀಗೆ ಹೋಸ್ ಮುರಿದಾಗ ಹಳದಿ ಬಣ್ಣದ ಬದಲಿ ಮೌತ್‌ಪೀಸನ್ನು ನೆಚ್ಚಿಕೊಂಡು ಹೆಚ್ಚು ಹೊತ್ತು ಇರಲಾಗದು. ಅದಕ್ಕೂ ಗಾಳಿ ಅದೇ ಫಸ್ಟ್ ಸ್ಟೇಜಿನಿಂದ, ಖಾಲಿಯಾಗುತ್ತಿರುವ ಅದೇ ಸಿಲಿಂಡರಿನಿಂದ ಬರಬೇಕು.

ಮನೆಗೆ ತಂದು ಟಾರ್ಚ್ ಬಿಟ್ಟು ನೋಡಿದೆ. ಹೋಸಿನ ತುದಿಯ ಹಿತ್ತಾಳೆ ಫಿಟ್ಟಿಂಗ್, ಓ-ರಿಂಗ್ ಎಂಬ ರಬ್ಬರ್ ಬಳೆ ಕೂರುವ ಕಚ್ಚಿನ ಹತ್ತಿರ ಕತ್ತರಿಸಿದ ಹಾಗೆ ತುಂಡಾಗಿದೆ. ಅದರ ಕೆಳಗಿನ ಮರೆ (ತಿರುಪಿನ ಸುತ್ತುಗಳಿರುವ ಭಾಗ) ಪೋರ್ಟಿನ, ಅಂದರೆ ಹೋಸ್ ಕೂರುವ ತೂತಿನ, ಒಳಗೇ ಉಳಿದಿದೆ. ಆರು ಮೂಲೆಯ ನಟ್ಟಿನಲ್ಲಿ ಮೂಲೆಗಳೇ ಸವೆದುಹೋಗಿ, ಕ್ರೋಮ್ ಎದ್ದು, ಪೈಪ್ ರೆಂಚಿನ ಹಲ್ಲು ಸಾಲಾಗಿ ಮೂಡಿದೆ. ಮರೆಯ ಸುತ್ತ ಬಿಳಿ ಎಳೆಗಳು: ನಲ್ಲಿಗೆ ಸುತ್ತುವ ಟೆಫ್ಲಾನ್ ಟೇಪು! ಡೈವಿಂಗ್ ಮಾಡುವವರು ತೊಡುವ ಜಾಕೆಟ್ಟಿಗೆ ಗಾಳಿ ತುಂಬುವ ಹೋಸಿನ ಒಳಗೂ ಅದೇ ಟೇಪಿನ ಚೂರು ಇತ್ತು. ಇಂಥ ಚೂರು ಸೆಕೆಂಡ್ ಸ್ಟೇಜಿನ (ಬಾಯಿಗೆ ಕಚ್ಚಿಕೊಳ್ಳುವ ಭಾಗ) ವಾಲ್ವಿನಲ್ಲಿ ಕೂತರೆ ಗಾಳಿ ನಿಲ್ಲದೆ ಸುರಿಯಲು ಶುರುವಾಗುತ್ತದೆ.

ಯಾರು ಮಾಡಿದ್ದು ಅಂತ ವಿಚಾರಿಸಿದರೆ ಸ್ಪ್ರೇಯರ್ ರಿಪೇರಿಯವರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಬೋರ್ಡೋ ದ್ರಾವಣ ಹೊಡೆಯುವ ಕಾಲಕ್ಕೆ ಜಿಲ್ಲೆಯ ತೋಟಗಳು ನಡೆಯುವುದೇ ಇಂಥವರ ಕೈಕೆಲಸದಿಂದ. ನೀರಿನ ಪೈಪಿನ ಮರೆ ತುದಿಗೆ ಹೋದಂತೆ ಸಣ್ಣದಾಗುತ್ತದೆ, ಟೇಪ್ ಸುತ್ತಿ ತಿರುಗಿಸಿದಷ್ಟೂ ಕಚ್ಚಿಕೊಂಡು ಸೋರಿಕೆ ನಿಲ್ಲುತ್ತದೆ. ರೆಗ್ಯುಲೇಟರಿನ ಮರೆ ಹಾಗಲ್ಲ, ಉದ್ದಕ್ಕೂ ಒಂದೇ ದಪ್ಪ. ಅಲ್ಲಿ ಗಾಳಿಯನ್ನು ತಡೆಯುವುದು ಮರೆಯಲ್ಲ, ಪುಟ್ಟ ರಬ್ಬರಿನ ಓ-ರಿಂಗ್. ಮರೆಯ ಕೆಲಸ ಫಿಟ್ಟಿಂಗ್ ಬಿಚ್ಚಿಕೊಳ್ಳದ ಹಾಗೆ ಹಿಡಿದಿಡುವುದಷ್ಟೇ. ಓ-ರಿಂಗ್ ಸರಿಯಾಗಿ ಕೂತ ಮೇಲೆ ಇನ್ನೂ ತಿರುಗಿಸಿದರೆ ಭದ್ರತೆ ಒಂದಿಷ್ಟೂ ಹೆಚ್ಚುವುದಿಲ್ಲ. ಆ ಬಲವೆಲ್ಲ ಕಚ್ಚಿನ ಹತ್ತಿರದ ತೆಳು ಹಿತ್ತಾಳೆಯನ್ನು ಜಗ್ಗುತ್ತದೆ.

ಸರಿಯಾದ ಕ್ರಮ ಗೊತ್ತಿದ್ದರೆ ಎದುರಿಗೆ ನಿಂತು ಮಾಡಿಸಬಹುದು. ಮೊದಲು ಸಿಲಿಂಡರ್ ಮುಚ್ಚಿ, ಸೆಕೆಂಡ್ ಸ್ಟೇಜಿನ ಮೇಲಿನ ಪರ್ಜ್ ಬಟನ್ ಒತ್ತಿ ಒಳಗಿನ ಗಾಳಿಯನ್ನೆಲ್ಲ ಬಿಟ್ಟಿರಬೇಕು. ಒತ್ತಡ ಇರುವಾಗ ಹೋಸಿಗೆ ಸ್ಪಾನರ್ ಮುಟ್ಟಿಸಲೇ ಕೂಡದು. ಓ-ರಿಂಗ್‌ನಲ್ಲಿ ಸೀಳು, ಕೂದಲು, ಮರಳು ಇಲ್ಲವೆಂದು ನೋಡಿ, ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಬೇಕು. ಗ್ಯಾರೇಜಿನ ಗ್ರೀಸ್ ಬೇಡವೇ ಬೇಡ, ಆಮ್ಲಜನಕ ಹೆಚ್ಚಿರುವ ಸಿಲಿಂಡರ್ ಬಳಸುವವರಿಗೆ ಅದು ಬೆಂಕಿಯ ಅಪಾಯ. ಆಮೇಲೆ ಕೊನೆಯವರೆಗೂ ಬೆರಳಿನಲ್ಲೇ ತಿರುಗಿಸಬೇಕು. ನಡುವೆ ಗಟ್ಟಿ ಅನ್ನಿಸಿದರೆ ಮರೆ ಅಡ್ಡ ಹತ್ತಿದೆ ಎಂದರ್ಥ, ಬಿಚ್ಚಿ ಮತ್ತೆ ಶುರು ಮಾಡಬೇಕು. ಕೂತ ಮೇಲೆ, ಅಳತೆಗೆ ಸರಿಯಾದ ಗಿಡ್ಡ ಸ್ಪಾನರಿನಲ್ಲಿ ಒಂದು ಸಣ್ಣ ಒತ್ತು. ಲೆಕ್ಕದಲ್ಲಿ ಹೇಳುವುದಾದರೆ 4ರಿಂದ 5 ನ್ಯೂಟನ್ ಮೀಟರ್ ಆಸುಪಾಸು, ನಿಮ್ಮ ಮಾಡೆಲ್‌ನ ಮ್ಯಾನ್ಯುಯಲ್‌ನಲ್ಲಿ ಬೇರೆ ಕೊಟ್ಟಿದ್ದರೆ ಅದೇ ಅಂತಿಮ. ಸೆಕೆಂಡ್ ಸ್ಟೇಜಿನ ತುದಿಗೆ ಎರಡು ಸ್ಪಾನರ್ ಬೇಕು, ಒಂದು ಹಿಡಿಯಲು, ಒಂದು ತಿರುಗಿಸಲು. ಹಾಗಂತ ಸಡಿಲವೂ ಇರಬಾರದು. ಪ್ರತಿ ಸಲ ಗಾಳಿ ಬಿಡುವ ಮುಂಚೆ ಫಿಟ್ಟಿಂಗನ್ನು ಬೆರಳಲ್ಲಿ ಹಿಡಿದು ಅಲುಗಾಡಿಸಿ ನೋಡಿ.

ಇನ್ನೊಂದು ವಿಷಯ. ಫಸ್ಟ್ ಸ್ಟೇಜಿನಲ್ಲಿ ಎಚ್‌ಪಿ (ಹೆಚ್ಚು ಒತ್ತಡ), ಎಲ್‌ಪಿ (ಕಡಿಮೆ ಒತ್ತಡ) ಎಂದು ಎರಡು ಬಗೆಯ ಪೋರ್ಟ್ ಇರುತ್ತವೆ. ಎಚ್‌ಪಿಯಲ್ಲಿ ಸಿಲಿಂಡರಿನ ಪೂರ್ತಿ ಒತ್ತಡ, ತುಂಬಿದಾಗ ಸಾಮಾನ್ಯವಾಗಿ 200 ಬಾರ್. ಎಲ್‌ಪಿಯಲ್ಲಿ ಸುತ್ತಲಿನ ಒತ್ತಡಕ್ಕಿಂತ ಸುಮಾರು 10 ಬಾರ್ ಮಾತ್ರ ಹೆಚ್ಚು. ಈಗಿನ ಸೆಟ್‌ಗಳಲ್ಲಿ ಅದಲು ಬದಲಾಗದಿರಲಿ ಎಂದೇ ಎಚ್‌ಪಿ ಮರೆ 7/16 ಇಂಚು, ಎಲ್‌ಪಿ ಮರೆ ಸಾಮಾನ್ಯವಾಗಿ 3/8 ಇಂಚು ಇಟ್ಟಿರುತ್ತಾರೆ. ಯಾರಾದರೂ ಅಡಾಪ್ಟರ್ ಹಾಕಿ ಎಲ್‌ಪಿ ಹೋಸನ್ನು ಎಚ್‌ಪಿ ಪೋರ್ಟಿಗೆ ಕೂರಿಸಿದ್ದರೆ ಆ ಸೆಟ್ಟನ್ನು ಸಿಲಿಂಡರಿಗೆ ಜೋಡಿಸಲೂ ಬೇಡಿ, ಹೋಸ್ ಸಿಡಿಯುತ್ತದೆ.

ಮಾರಿದವರಿಗೆ ಮುರಿದ ತುಂಡನ್ನೇ ತೋರಿಸಿದೆವು. ಹೊಸ ಹೋಸ್ ಕೊಡುತ್ತೇನೆ, ಈ ಸಲ ಇನ್ನೂ ಟೈಟಾಗಿ ಹಾಕಿಸುತ್ತೇನೆ ಅಂದರು. ಆ ಮಾತು ಕೇಳಿದ ಮೇಲೆ ಇದನ್ನು ಬರೆಯದೆ ಇರಲು ಆಗಲಿಲ್ಲ.

ಗೋಣಿಕೊಪ್ಪ, ವಿರಾಜಪೇಟೆ, ಪೊನ್ನಂಪೇಟೆ ಕಡೆ ಇತ್ತೀಚೆಗೆ ಹಳೆ ಸೆಟ್ ಕೊಂಡವರು ಹೋಸಿನ ಬುಡದ ರಬ್ಬರ್ ಕವಚವನ್ನು ಹಿಂದಕ್ಕೆ ಸರಿಸಿ ನೋಡಿ. ನಟ್ಟಿನ ಮೇಲೆ ಹಲ್ಲಿನ ಗುರುತೋ ಮರೆಯಂಚಿನಲ್ಲಿ ಬಿಳಿ ಎಳೆಯೋ ಕಂಡರೆ ಅದನ್ನು ನೀರಿಗಿಳಿಸಬೇಡಿ. ನೀವೇ ಬಿಚ್ಚಲೂ ಹೋಗಬೇಡಿ, ತುಂಡು ಒಳಗೇ ಮುರಿದುಕೊಳ್ಳಬಹುದು. ರೆಗ್ಯುಲೇಟರ್ ಸರ್ವೀಸ್ ತರಬೇತಿ ಪಡೆದವರ ಹತ್ತಿರವೇ ಒಯ್ದು, ಈ ಗುರುತುಗಳನ್ನು ತೋರಿಸಿ, ಎಲ್ಲ ಹೋಸ್‌ಗಳನ್ನೂ ಬಿಚ್ಚಿಸಿ ನೋಡಿಸಿ.