ಹೈಸ್ಕೂಲಿನ ಹದಿಹರೆಯದ ತರಗತಿ: ಪ್ರಶ್ನೆ ಡಬ್ಬಿಗೆ ಪೂರ್ತಿ ಅಂಕ, ಉಳಿದದ್ದಕ್ಕೆ ಇಲ್ಲ

ನನ್ನ ಮಗಳು ಮಡಿಕೇರಿ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಒಂಬತ್ತನೇ ಕ್ಲಾಸು. ಜುಲೈಯಲ್ಲಿ ಅಲ್ಲಿ ಎರಡು ದಿನ ಹದಿಹರೆಯದ ಆರೋಗ್ಯದ ತರಗತಿ ನಡೆಯಿತು. ಮೊದಲ ಅರ್ಧ ಗಂಟೆ ನಮ್ಮನ್ನೂ ಕೂರಲು ಬಿಟ್ಟರು. ಉಳಿದದ್ದು ಮಗಳು ಹೇಳಿದ್ದು.

ಜನವರಿಯಲ್ಲೂ ಒಂದು ನಡೆದಿತ್ತು, ಅದನ್ನು ತರಗತಿ ಅನ್ನೋದೇ ಕಷ್ಟ. ಹುಡುಗರ ಕೈಗೆ ಹಾಕಿ ಸ್ಟಿಕ್ ಕೊಟ್ಟು ಮೈದಾನಕ್ಕೆ ಕಳಿಸಿ, ಹುಡುಗಿಯರಿಗೆ ಬಾಗಿಲು ಹಾಕಿದ ಕೋಣೆಯಲ್ಲಿ ಪ್ಯಾಡ್ ಬಳಸೋದು ತೋರಿಸಿ ಮುಗಿಸಿದ್ದರು. ಬಾಗಿಲು ಹಾಕಿದ್ದರಿಂದ ಮಕ್ಕಳು ಕಲಿತದ್ದು ಒಂದೇ, ಇದು ನಾಚಿಕೆಯ ವಿಷಯ ಅಂತ.

ಈ ಸಲ ಹುಡುಗರೂ ಜೊತೆಗೇ ಕೂತರು. ಮುಟ್ಟು ಯಾಕಾಗುತ್ತೆ ಅಂತ ಅವರೂ ಕೇಳಿಸಿಕೊಂಡರು. ನಿದ್ದೆಯಲ್ಲಿ ವೀರ್ಯ ಹೋಗೋದು ಕಾಯಿಲೆ ಅಲ್ಲ ಅಂದಾಗ ಹಿಂದಿನ ಬೆಂಚಿನ ಪಿಸುಮಾತು ನಿಂತಿತಂತೆ. ಎಷ್ಟು ದಿನದಿಂದ ಹೆದರಿಕೊಂಡಿದ್ದವೋ ಮಕ್ಕಳು.

ತುಂಬಾ ಹಿಡಿಸಿದ್ದು ಪ್ರಶ್ನೆ ಡಬ್ಬಿ. ಹಳೇ ಬಿಸ್ಕತ್ ಡಬ್ಬಿ, ಮುಚ್ಚಳಕ್ಕೊಂದು ಸೀಳು, ಚೀಟಿಯಲ್ಲಿ ಹೆಸರು ಬರೆಯೋ ಹಾಗಿಲ್ಲ. ಮುಟ್ಟಾದಾಗ ಹಾಕಿ ಆಡಬಹುದಾ ಅಂತ ಒಂದು ಚೀಟಿ. ಇನ್ನೊಂದರಲ್ಲಿ, ಒಬ್ಬ ಫೋಟೋ ಕಳಿಸು ಅಂತಾನೆ, ಕಳಿಸದಿದ್ದರೆ ಮಾತು ಬಿಡ್ತೀನಿ ಅಂತಾನೆ, ಏನು ಮಾಡಲಿ ಅಂತಿತ್ತು. ಆಪ್ತಸಮಾಲೋಚಕಿ ಅದಕ್ಕೇ ಇಪ್ಪತ್ತು ನಿಮಿಷ ಕೊಟ್ಟರು. ತಪ್ಪು ಕೇಳಿದವನದು, ನಿನ್ನದಲ್ಲ ಅಂದರು. 18 ವರ್ಷದೊಳಗಿನ ಎಲ್ಲ ಮಕ್ಕಳಿಗೂ, ಹುಡುಗರಿಗೂ, ಲೈಂಗಿಕ ದೌರ್ಜನ್ಯದಿಂದ ಮಕ್ಕಳನ್ನು ಕಾಯೋ 2012ರ ಪೋಕ್ಸೊ ಕಾಯ್ದೆಯ ರಕ್ಷಣೆ ಇದೆ ಅಂತ ಬಿಡಿಸಿ ಹೇಳಿ, ಮಕ್ಕಳ ಸಹಾಯವಾಣಿ 1098 ನಂಬರನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದರು. ತಿಂಗಳಾದರೂ ಮಗಳಿಗೆ ಆ ನಂಬರ್ ನೆನಪಿದೆ. ನನ್ನ ಮಟ್ಟಿಗೆ ತರಗತಿ ಕೆಲಸ ಮಾಡಿದೆ ಅನ್ನೋದಕ್ಕೆ ಇದೇ ಗುರುತು.

ಈಗ ಕೊರತೆ. ಎಚ್‌ಐವಿ ಹೇಗೆ ಹರಡುತ್ತೆ ಅಂತ ಹೇಳಿದರು, ಕಾಂಡೋಮ್ ಅನ್ನೋ ಪದ ಮಾತ್ರ ಬರಲೇ ಇಲ್ಲ. ಇದೆಲ್ಲ ಕೇಳಿದರೆ ಮಕ್ಕಳು ಕೆಡುತ್ತಾರೆ ಅಂತ ಕೆಲವು ಪೋಷಕರು ಮೊದಲೇ ಒತ್ತಡ ಹಾಕಿದ್ದರು. ಆ ಭಯ ನನಗೂ ಇತ್ತು. ಆದರೆ ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ನೋಡಿ ಯುನೆಸ್ಕೊ 2018ರಲ್ಲಿ ಹೇಳಿದ್ದು ಬೇರೆಯೇ: ಇಂಥ ಶಿಕ್ಷಣದಿಂದ ಮಕ್ಕಳು ಬೇಗ ಲೈಂಗಿಕ ಸಂಬಂಧಕ್ಕೆ ಇಳಿಯೋದಿಲ್ಲ, ಬರೀ ದೂರ ಇರಿ ಅಂತ ಕಲಿಸಿದರೆ ಪರಿಣಾಮವೂ ಇಲ್ಲ. ಅರ್ಧ ಹೇಳಿ ಬಿಟ್ಟರೆ ಉಳಿದರ್ಧ ಮೊಬೈಲ್ ಹೇಳಿಕೊಡುತ್ತೆ, ಅಲ್ವಾ? ಸರ್ಕಾರಿ ಆಸ್ಪತ್ರೆಗಳ ಸ್ನೇಹ ಕ್ಲಿನಿಕ್ ಇರೋದೇ 10ರಿಂದ 19 ವರ್ಷದವರಿಗೆ, ಅದರ ಹೆಸರನ್ನೂ ಎತ್ತಲಿಲ್ಲ.

ಇನ್ನೊಂದು ಬೇಸರ. ಎರಡನೇ ದಿನ ಜೋರು ಮಳೆ. ತೋಟದ ಕಾರ್ಮಿಕರ ಲೈನ್ ಮನೆಗಳಿಂದ ನಡೆದು ಬರೋ ಮಕ್ಕಳು ಬರಲಿಲ್ಲ. ಫೋಟೋ ವಿಷಯ, 1098, ಯಾವುದೂ ಅವರಿಗೆ ತಲುಪಲಿಲ್ಲ. ಅವರಿಗಾಗಿ ಮತ್ತೊಂದು ದಿನ ಇಡಲೂ ಇಲ್ಲ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಮುಖ್ಯೋಪಾಧ್ಯಾಯರನ್ನು ಕಂಡು, ಹುತ್ತರಿ ಹಬ್ಬ ಕಳೆದ ಮೇಲೆ ಇನ್ನೊಮ್ಮೆ ಮಾಡಿ, ಬಿಟ್ಟದ್ದನ್ನೂ ಸೇರಿಸಿ ಅಂತ ಕೇಳಿದ್ದೇನೆ. ನೋಡೋಣ ಅಂದರು. ಡಬ್ಬಿ ಮಾತ್ರ ಈಗಲೂ ಲೈಬ್ರರಿಯಲ್ಲೇ ಇದೆ, ಚೀಟಿ ಬೀಳುತ್ತಲೇ ಇವೆಯಂತೆ.