ಆ 16 ಜಿಬಿ ಕಡ್ಡಿಯನ್ನು ಕೀಳಿಸುವ ಮೊದಲು ಇದನ್ನು ಓದಿ

ನಿಮ್ಮ ಮನೆಯಲ್ಲಿ 2017ರಿಂದ ಈಚೆಗೆ ಕೊಂಡ ಇಂಟೆಲ್ ಲ್ಯಾಪ್‌ಟಾಪ್ ಇದೆಯಾ? ಅದರಲ್ಲಿ 1 ಟಿಬಿ ಹಾರ್ಡ್ ಡಿಸ್ಕ್, ಜೊತೆಗೆ "ಆಪ್ಟೇನ್ ಮೆಮೊರಿ" ಅನ್ನೋ ಸ್ಟಿಕ್ಕರ್ ಇದೆಯಾ? ನಿಧಾನ ಆಗಿದೆ ಅಂತ ಅದಕ್ಕೆ ಎಸ್‌ಎಸ್‌ಡಿ (ಹಾರ್ಡ್ ಡಿಸ್ಕ್‌ಗಿಂತ ವೇಗದ, ಚಿಪ್‌ನ ಡಿಸ್ಕ್) ಹಾಕಿಸಲು ಹೊರಟಿದ್ದೀರಾ? ಹಾಗಿದ್ದರೆ ದಯವಿಟ್ಟು ಒಂದು ದಿನ ತಡೆಯಿರಿ. ನಾನು ತಡೆಯಲಿಲ್ಲ. ಅದರಿಂದ ನನ್ನ ಅಜ್ಜಿ ಹಾಡಿದ 17 ಹಾಡುಗಳು ಹೋದವು.

ಮೊದಲಿಂದ ಹೇಳುತ್ತೇನೆ. ನಾವು ಸಾಗರದ ಕಡೆಯವರು. 2019ರಲ್ಲಿ ಶಿವಮೊಗ್ಗದ ಒಂದು ಅಂಗಡಿಯಲ್ಲಿ ಲ್ಯಾಪ್‌ಟಾಪ್ ಕೊಂಡೆ. ಎಂಟನೇ ತಲೆಮಾರಿನ ಐ5, 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್. ಅದರ ಜೊತೆಗೆ 16 ಜಿಬಿ ಆಪ್ಟೇನ್, ಅಂದರೆ ಒಳಗೆ ಕೂರುವ ಇಂಟೆಲ್‌ನ ಒಂದು ಸಣ್ಣ ಕಡ್ಡಿ. ಅಂಗಡಿಯ ಹುಡುಗ ಹೇಳಿದ್ದು ಇಷ್ಟು: "ಮೇಡಂ, 4 ಮತ್ತೆ 16, ಒಟ್ಟು 20 ಜಿಬಿ ಮೆಮೊರಿ. ಈ ರೇಟಿಗೆ ಬೇರೆಲ್ಲೂ ಸಿಗಲ್ಲ." ಪಕ್ಕದಲ್ಲಿ 8 ಜಿಬಿ ರ‍್ಯಾಮ್ ಇದ್ದ ಇನ್ನೊಂದು ಇತ್ತು. 20 ದೊಡ್ಡದಲ್ವಾ ಅಂತ ಇದನ್ನೇ ತಂದೆ.

ಆ ಲೆಕ್ಕವೇ ತಪ್ಪು. ರ‍್ಯಾಮ್ ಅಂದರೆ ಈಗ ನಡೆಯುತ್ತಿರುವ ಕೆಲಸಕ್ಕೆ ಬೇಕಾದ ಜಾಗ. ಬ್ರೌಸರ್, ಎಕ್ಸೆಲ್, ವಿಡಿಯೊ ಎಲ್ಲ ತೆರೆದು ಕೂರೋದು ಅಲ್ಲಿ. ಆಪ್ಟೇನ್ ಕಡ್ಡಿ ಇರೋದು ಹಾರ್ಡ್ ಡಿಸ್ಕ್‌ನ ಪಕ್ಕದಲ್ಲಿ. ಡಿಸ್ಕ್‌ನಿಂದ ಪದೇ ಪದೇ ಓದುವ ಭಾಗಗಳನ್ನು ತನ್ನಲ್ಲಿ ಇಟ್ಟುಕೊಂಡು ಬೇಗ ಕೊಡುತ್ತದೆ, ಅಷ್ಟೇ. ಎರಡನ್ನೂ ಕೂಡಿಸುವ ಹಾಗಿಲ್ಲ. ನನ್ನ ಲ್ಯಾಪ್‌ಟಾಪ್ ಬೇಗ ಆನ್ ಆಗುತ್ತಿತ್ತು, ಅದು ನಿಜ. ಆದರೆ ಹತ್ತು ಟ್ಯಾಬ್ ತೆರೆದರೆ ಒದ್ದಾಡುತ್ತಿತ್ತು. 4 ಜಿಬಿ ಎಷ್ಟಾದರೂ 4 ಜಿಬಿಯೇ.

ಹಾಗೂ ಹೀಗೂ ನಾಲ್ಕು ವರ್ಷ ಕಳೆದೆ. 2023ರಲ್ಲಿ ಇನ್ನು ಆಗಲ್ಲ ಅನ್ನಿಸಿತು. ರಿಪೇರಿ ಮಾಡುವ ಒಬ್ಬ ಹುಡುಗನ ಹತ್ತಿರ ಹೋದೆ. ಅವನ ಹೆಸರು, ಅಂಗಡಿ ಯಾವುದನ್ನೂ ಹೇಳುವುದಿಲ್ಲ. ಒಳ್ಳೆಯ ಹುಡುಗ, ಬೇಕಂತ ಮಾಡಿದ್ದಲ್ಲ. ಅವನು ಹಿಂಬದಿ ಬಿಚ್ಚಿ ತೋರಿಸಿದ. "ಅಕ್ಕಾ, ನೋಡಿ, ಇಲ್ಲಿ ಒಂದೇ ಎಂ.2 ಸ್ಲಾಟ್ ಇದೆ. ಅದರಲ್ಲಿ ಈ 16 ಜಿಬಿ ಕೂತಿದೆ. ಇದನ್ನ ತೆಗೆದು ಇಲ್ಲೇ 500 ಜಿಬಿ ಎಸ್‌ಎಸ್‌ಡಿ ಹಾಕ್ತೀನಿ. ಹಳೇ ಹಾರ್ಡ್ ಡಿಸ್ಕ್ ಹಾಗೇ ಇರ್ಲಿ, ನಿಮ್ಮ ಫೈಲೆಲ್ಲ ಅದರಲ್ಲೇ ಇರುತ್ತೆ." ಜೊತೆಗೆ 8 ಜಿಬಿ ರ‍್ಯಾಮ್ ಕೂಡ ಹಾಕುವುದು ಅಂತಾಯಿತು.

ನಾನು ಒಂದೇ ಪ್ರಶ್ನೆ ಕೇಳಿದೆ. "ತಮ್ಮಾ, ಈ ಕಡ್ಡಿ ತೆಗೆದರೆ ಏನೂ ಹೋಗಲ್ಲ ಅಲ್ವಾ?" "ಇಲ್ಲ ಅಕ್ಕಾ, ಅದು ಬರೀ ಕ್ಯಾಶ್, ಬೇಗ ಸಿಗಲಿ ಅಂತ ಇಟ್ಟ ನಕಲು" ಅಂದ. ನನಗೂ ಹಾಗೇ ಅನ್ನಿಸಿತ್ತು. ಅದಕ್ಕೆ ಕಾರಣ ಇದೆ.

2008ರಲ್ಲಿ ನಮ್ಮ ಮನೆಗೆ ವಿಂಡೋಸ್ ವಿಸ್ಟಾ ಇದ್ದ ಲ್ಯಾಪ್‌ಟಾಪ್ ಬಂದಿತ್ತು. 1 ಜಿಬಿ ರ‍್ಯಾಮ್. ವಿಸ್ಟಾಗೆ ಅದು ಯಾವ ಮೂಲೆಗೂ ಸಾಲುತ್ತಿರಲಿಲ್ಲ. ಆಗ ಪೆನ್‌ಡ್ರೈವನ್ನೇ ಹಾರ್ಡ್ ಡಿಸ್ಕ್‌ನ ಕ್ಯಾಶ್ ಆಗಿ ಬಳಸುವ ರೆಡಿಬೂಸ್ಟ್ ಅನ್ನೋ ಸೌಲಭ್ಯ ಹೊಸದು. ಪೆನ್‌ಡ್ರೈವ್ ಚುಚ್ಚಿ, ಬಲ ಗುಂಡಿ ಒತ್ತಿ ಪ್ರಾಪರ್ಟೀಸ್‌ಗೆ ಹೋದರೆ ರೆಡಿಬೂಸ್ಟ್ ಅಂತ ಒಂದು ಟ್ಯಾಬ್. ವಿಸ್ಟಾದಲ್ಲಿ 4 ಜಿಬಿ ತನಕ ಕೊಡಬಹುದಿತ್ತು. ವಿಂಡೋಸ್ 7ರಲ್ಲಿ ಎಂಟು ಪೆನ್‌ಡ್ರೈವ್ ಸೇರಿ 256 ಜಿಬಿ ತನಕ ಆಯಿತು. ಎಲ್ಲ ಪೆನ್‌ಡ್ರೈವೂ ಆಗುತ್ತಿರಲಿಲ್ಲ. ವಿಂಡೋಸ್ ಮೊದಲು ಅದರ ವೇಗ ಅಳೆದು, ನಿಧಾನದ್ದಾಗಿದ್ದರೆ ಬೇಡ ಅನ್ನುತ್ತಿತ್ತು. ಅದರ ಹಿಂದಿನ ತರ್ಕ ಸರಳ. ದೊಡ್ಡ ಫೈಲನ್ನು ಒಂದೇ ಸಮನೆ ಓದಲು ಹಾರ್ಡ್ ಡಿಸ್ಕ್ ವಾಸಿ. ಆದರೆ ಅಲ್ಲೊಂದು ಇಲ್ಲೊಂದು ಸಣ್ಣ ಚೂರು ಹುಡುಕಬೇಕಾದರೆ ಅದರ ಮುಳ್ಳು ಓಡಾಡಬೇಕು. ಪೆನ್‌ಡ್ರೈವ್‌ನ ಫ್ಲಾಶ್ ಚಿಪ್‌ನಲ್ಲಿ ಓಡಾಡುವ ಭಾಗವೇ ಇಲ್ಲ, ಹಾಗಾಗಿ ಸಣ್ಣ ಚೂರುಗಳು ಬೇಗ ಸಿಗುತ್ತವೆ.

ನಮ್ಮ ತಮ್ಮ ಆಗ ಚಿಕ್ಕವನು. ರೆಡಿಬೂಸ್ಟ್ ನಡೆಯುತ್ತಿರುವಾಗಲೇ ಪೆನ್‌ಡ್ರೈವ್ ಕಿತ್ತುಕೊಂಡು ಹೋಗಿಬಿಡುತ್ತಿದ್ದ. ಒಂದು ದಿನವೂ ಏನೂ ಹಾಳಾಗಲಿಲ್ಲ. ಯಾಕೆಂದರೆ ರೆಡಿಬೂಸ್ಟ್ ಪೆನ್‌ಡ್ರೈವ್‌ನಲ್ಲಿ ಇಡುತ್ತಿದ್ದುದು ಬರೀ ನಕಲು. ಅಸಲು ಯಾವಾಗಲೂ ಹಾರ್ಡ್ ಡಿಸ್ಕ್‌ನಲ್ಲೇ. ಕಳೆದುಹೋದರೆ ಬೇರೆಯವರು ಓದಬಾರದು ಅಂತ ಆ ನಕಲಿಗೂ ಬೀಗ ಹಾಕಿ ಇಡುತ್ತಿತ್ತು.

ಕ್ಯಾಶ್ ಅಂದರೆ ನಕಲು, ಕಿತ್ತರೆ ಏನೂ ಆಗಲ್ಲ. ಇದು ನನ್ನ ತಲೆಯಲ್ಲಿ ಹದಿನೈದು ವರ್ಷ ಕೂತಿತ್ತು. ಆಪ್ಟೇನ್ ಹಾಗಲ್ಲ.

ನಮ್ಮ ಕಡೆ ಅಡಿಕೆ ಮಂಡಿಗೆ ಹೋದವರಿಗೆ ಇದು ಬೇಗ ಅರ್ಥ ಆಗುತ್ತದೆ. ಮೂಟೆ ತೂಗುವಾಗ ಮೊದಲು ಚೀಟಿಯಲ್ಲಿ ಗೀಚುತ್ತಾರೆ. ಬಿಡುವಾದಾಗ ಅದು ಖಾತೆ ಪುಸ್ತಕಕ್ಕೆ ಏರುತ್ತದೆ. ರೆಡಿಬೂಸ್ಟ್ ಪುಸ್ತಕದ ಝೆರಾಕ್ಸ್ ಇದ್ದ ಹಾಗೆ, ಹರಿದು ಎಸೆದರೂ ಪುಸ್ತಕ ಇದೆ. ಆಪ್ಟೇನ್ ಆ ಚೀಟಿ ಇದ್ದ ಹಾಗೆ. ನೀವು ಫೈಲ್ ಉಳಿಸಿದಾಗ ಅದು ಮೊದಲು ಕಡ್ಡಿಗೆ ಬೀಳಬಹುದು, ಹಾರ್ಡ್ ಡಿಸ್ಕ್‌ಗೆ ಆಮೇಲೆ ಹೋಗುತ್ತದೆ. ಪುಸ್ತಕಕ್ಕೆ ಏರುವ ಮೊದಲೇ ಚೀಟಿ ಕಿತ್ತುಕೊಂಡರೆ? ಪುಸ್ತಕದಲ್ಲಿ ಇರೋದು ಹಳೇ ಲೆಕ್ಕ, ಅದೂ ಅರ್ಧಂಬರ್ಧ.

ಇದರ ಜೊತೆ ಇನ್ನೊಂದಿದೆ. ಯಾವ ಫೈಲ್ ಡಿಸ್ಕ್‌ನ ಎಲ್ಲೆಲ್ಲಿ ಇದೆ ಅನ್ನೋ ಪಟ್ಟಿಯನ್ನು ವಿಂಡೋಸ್ ಪ್ರತಿ ಕ್ಷಣ ಮುಟ್ಟುತ್ತಿರುತ್ತದೆ. ಜಾಸ್ತಿ ಮುಟ್ಟುವ ಭಾಗಗಳೇ ಕಡ್ಡಿಗೆ ಹೋಗುವುದರಿಂದ ಆ ಪಟ್ಟಿಯ ಹೊಸ ರೂಪ ಕಡ್ಡಿಯಲ್ಲೇ ಇರಬಹುದು. ಹಾರ್ಡ್ ಡಿಸ್ಕ್ ಮತ್ತು ಕಡ್ಡಿ ಸೇರಿಯೇ ಒಂದು ಡಿಸ್ಕ್. ಬೇರೆ ಬೇರೆ ಮಾಡಿದರೆ ಎರಡೂ ಅರ್ಧ.

ಹುಡುಗ ಕಡ್ಡಿ ತೆಗೆದ, ಎಸ್‌ಎಸ್‌ಡಿ ಹಾಕಿ ಅದಕ್ಕೆ ವಿಂಡೋಸ್ ತುಂಬಿಸಿದ. ಆಮೇಲೆ ಹಳೇ ಹಾರ್ಡ್ ಡಿಸ್ಕ್ ನೋಡಿದರೆ ತೆರೆಯುತ್ತಿಲ್ಲ. ಬಿಚ್ಚಿ ತನ್ನ ಕಂಪ್ಯೂಟರಿಗೆ ಯುಎಸ್‌ಬಿ ಕೇಬಲ್‌ನಿಂದ ಹಾಕಿದ. "ಈ ಡಿಸ್ಕ್ ಬಳಸಬೇಕಾದರೆ ಫಾರ್ಮ್ಯಾಟ್ ಮಾಡಬೇಕು" ಅಂತ ಬಂತು. ಪುಣ್ಯಕ್ಕೆ ಅದನ್ನು ಒತ್ತಲಿಲ್ಲ. ಆದರೆ ಡಿಸ್ಕ್‌ನ ತಪ್ಪು ಹುಡುಕಿ ತಿದ್ದುವ ವಿಂಡೋಸ್‌ನ ಚೆಕ್‌ಡಿಸ್ಕ್ ಓಡಿಸಿದ. ಡಿಸ್ಕ್ ಕೆಟ್ಟಾಗ ಎಲ್ಲರೂ ಮಾಡುವುದು ಅದನ್ನೇ. ಇಲ್ಲಿ ಅದೇ ದೊಡ್ಡ ಪೆಟ್ಟು ಕೊಟ್ಟಿತು. ಚೆಕ್‌ಡಿಸ್ಕ್‌ಗೆ ಕಡ್ಡಿಯ ವಿಷಯ ಗೊತ್ತಿಲ್ಲ. ಹಾರ್ಡ್ ಡಿಸ್ಕ್‌ನಲ್ಲಿದ್ದ ಹಳೇ ಪಟ್ಟಿಯನ್ನೇ ನಂಬಿ, ಅದಕ್ಕೆ ಹೊಂದದ ಎಲ್ಲವನ್ನೂ ತಪ್ಪು ಅಂದುಕೊಂಡು ತಿದ್ದಿತು. ರಾತ್ರಿಯೆಲ್ಲ ಓಡಿತು. ಬೆಳಿಗ್ಗೆ ನೋಡಿದರೆ ಫೌಂಡ್.000 ಅನ್ನೋ ಫೋಲ್ಡರ್, ಅದರ ತುಂಬ ಹೆಸರಿಲ್ಲದ ಚೂರುಗಳು.

ಸಂಜೆ ಫೋನ್ ಮಾಡಿ, "ಅಕ್ಕಾ, ಸ್ವಲ್ಪ ಫೈಲ್ ಬಂದಿಲ್ಲ" ಅಂದ. ನಾನು ಮೊದಲು ಕೇಳಿದ್ದು "ಅಜ್ಜಿ ಫೋಲ್ಡರ್ ಇದೆಯಾ?" ಅಂತ. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ನಮ್ಮ ಅಜ್ಜಿ ಮದುವೆ ಮನೆಗಳಲ್ಲಿ ಹಸೆಗೆ ಕರೆಯುವ ಹಾಡು, ಆರತಿ ಹಾಡು, ಎಣ್ಣೆ ಹಚ್ಚುವಾಗಿನ ಹಾಡು ಹೇಳುತ್ತಿದ್ದರು. ಯಾವುದೂ ಬರೆದಿಟ್ಟಿದ್ದಲ್ಲ, ಅವರ ಅಮ್ಮನ ಬಾಯಿಂದ ಕಲಿತಿದ್ದು. ರಜೆಗೆ ಹೋದಾಗೆಲ್ಲ ಒಂದೆರಡು ಹಾಡನ್ನು ಫೋನಿನಲ್ಲಿ ಹಿಡಿದು ಲ್ಯಾಪ್‌ಟಾಪ್‌ಗೆ ಹಾಕುತ್ತಿದ್ದೆ. ಒಟ್ಟು 43 ಹಾಡು. ಅಜ್ಜಿ 2020ರಲ್ಲಿ ತೀರಿಕೊಂಡರು. ಫೋನ್ ಬದಲಾಯಿತು, ಹಳೇ ಫೋನಿನಲ್ಲಿ ಏನೂ ಉಳಿದಿರಲಿಲ್ಲ. ರಿಪೇರಿಗೆ ಕೊಡುವ ಹಿಂದಿನ ತಿಂಗಳು ಆ ಹಾಡುಗಳನ್ನೇ ತಿದ್ದುತ್ತಿದ್ದೆ. ಹಿಂದಿನ ಗದ್ದಲ ಕಡಿಮೆ ಮಾಡಿ, ಶುರುವಿನ ಕೆಮ್ಮು ಕತ್ತರಿಸಿ, ಒಂದೊಂದಕ್ಕೂ ಹೆಸರು ಕೊಟ್ಟು ಮತ್ತೆ ಉಳಿಸುತ್ತಿದ್ದೆ. ಅಂದರೆ ಜಾಸ್ತಿ ಮುಟ್ಟಿದ ಫೈಲ್‌ಗಳು ಅವೇ. ವರ್ಷಗಟ್ಟಲೆ ತೆರೆಯದ ಪ್ರವಾಸದ ಫೋಟೋಗಳು ಒಂದೂ ಕೆಡಲಿಲ್ಲ. ನಾನು ಪ್ರೀತಿಯಿಂದ ಕೂತು ಸರಿ ಮಾಡಿದವೇ ಹೋದವು.

ಹಾರ್ಡ್ ಡಿಸ್ಕನ್ನೂ ಕಡ್ಡಿಯನ್ನೂ ಬೆಂಗಳೂರಿನಲ್ಲಿ ಡೇಟಾ ವಾಪಸ್ ತೆಗೆಯುವವರ ಹತ್ತಿರ ಒಯ್ದೆ. ಅವರು ಕೇಳಿದ ಮೊದಲ ಮಾತು: "ಚೆಕ್‌ಡಿಸ್ಕ್ ಓಡಿಸಿದ್ರಾ?" ಹೌದು ಅಂದೆ. ಅದೊಂದು ಓಡಿಸದೆ, ಅದೇ ಕಡ್ಡಿಯನ್ನು ಅದೇ ಸ್ಲಾಟ್‌ಗೆ ಹಾಕಿದ್ದರೆ ಬಹುಶಃ ಎಲ್ಲ ಮೊದಲಿನ ಹಾಗೇ ತೆರೆಯುತ್ತಿತ್ತು ಅಂದರು. ಆ ಮಾತು ಕೇಳಿ ಹೊರಗೆ ಬಂದು ಮೆಟ್ಟಿಲ ಮೇಲೆ ತುಂಬಾ ಹೊತ್ತು ಕೂತಿದ್ದೆ. 26 ಹಾಡು ಸಿಕ್ಕವು. 18 ಸಾವಿರ ರೂಪಾಯಿ ಆಯಿತು.

ಈಗ ನೀವು ಮಾಡಬೇಕಾದ್ದು.

ನಿಮ್ಮಲ್ಲಿ ಆಪ್ಟೇನ್ ಇದೆಯೋ ಇಲ್ಲವೋ ಸ್ಟಿಕ್ಕರ್ ನೋಡಿ ತೀರ್ಮಾನ ಮಾಡಬೇಡಿ, ಸ್ಟಿಕ್ಕರ್ ಬಿದ್ದುಹೋಗಿರುತ್ತದೆ. ಡಿವೈಸ್ ಮ್ಯಾನೇಜರ್ ತೆರೆದು ಡಿಸ್ಕ್ ಡ್ರೈವ್ಸ್ ಅನ್ನೋ ಸಾಲು ಬಿಡಿಸಿ ನೋಡಿ. "ಇಂಟೆಲ್ ಆಪ್ಟೇನ್+932ಜಿಬಿಎಚ್‌ಡಿಡಿ" ಅನ್ನೋ ಥರದ ಹೆಸರು ಕಂಡರೆ ಎರಡೂ ಜೋಡಿಯಾಗಿ ಕೆಲಸ ಮಾಡುತ್ತಿವೆ ಅಂತ ಅರ್ಥ. ಆಗ ಮೊದಲು ಬೇಕಾದ ಫೈಲ್‌ಗಳನ್ನೆಲ್ಲ ಹೊರಗಿನ ಡಿಸ್ಕ್‌ಗೆ ಕಾಪಿ ಮಾಡಿ. ಇದನ್ನು ರಿಪೇರಿಯವರಿಗೆ ಬಿಡಬೇಡಿ, ಮನೆಯಲ್ಲೇ ನೀವೇ ಮಾಡಿ. ಆಮೇಲೆ ಚಾರ್ಜರ್ ಚುಚ್ಚಿಟ್ಟು, ಇಂಟೆಲ್‌ನ ಆಪ್ಟೇನ್ ಆ್ಯಪ್ ತೆರೆಯಿರಿ. ಹಳೇ ಲ್ಯಾಪ್‌ಟಾಪ್‌ಗಳಲ್ಲಿ ಅದು ರ‍್ಯಾಪಿಡ್ ಸ್ಟೋರೇಜ್ ಟೆಕ್ನಾಲಜಿ ಅನ್ನೋ ಹೆಸರಿನಲ್ಲಿ ಇರುತ್ತದೆ. ಅದರಲ್ಲಿ ಡಿಸೇಬಲ್ ಅಂತ ಇದೆ. ಒತ್ತಿದ ಮೇಲೆ ಚೀಟಿಯಲ್ಲಿ ಇದ್ದುದೆಲ್ಲ ಪುಸ್ತಕಕ್ಕೆ ಏರುತ್ತದೆ. ಸ್ವಲ್ಪ ಹೊತ್ತು ಹಿಡಿಯುತ್ತದೆ, ನಡುವೆ ಆಫ್ ಮಾಡಬೇಡಿ. ರೀಸ್ಟಾರ್ಟ್ ಆದ ಮೇಲೆ ಮತ್ತೆ ಡಿವೈಸ್ ಮ್ಯಾನೇಜರ್ ನೋಡಿ. ಹಾರ್ಡ್ ಡಿಸ್ಕ್ ತನ್ನದೇ ಕಂಪನಿ ಹೆಸರಿನಲ್ಲಿ ಕಂಡರೆ ಬೇರೆ ಆಗಿದೆ. ಆಗ ಕಡ್ಡಿ ತೆಗೆಯಬಹುದು. ಹಾರ್ಡ್ ಡಿಸ್ಕ್ ಬದಲಿಸುವ ಮೊದಲು, ವಿಂಡೋಸ್ ಹೊಸದಾಗಿ ಹಾಕಿಸುವ ಮೊದಲು, ಬಯೋಸ್‌ನಲ್ಲಿ (ವಿಂಡೋಸ್ ಶುರುವಾಗುವ ಮೊದಲೇ ತೆರೆಯುವ ಸೆಟ್ಟಿಂಗ್) ಡಿಸ್ಕ್‌ಗೆ ಸಂಬಂಧಿಸಿದ ಸಾಟಾ ಮೋಡ್ ಮುಟ್ಟುವ ಮೊದಲು ಕೂಡ ಇದೇ ಕ್ರಮ.

ಈಗಾಗಲೇ ಕಡ್ಡಿ ಕಿತ್ತು, ಡಿಸ್ಕ್ ತೆರೆಯುತ್ತಿಲ್ಲವಾ? ಗಾಬರಿಯಲ್ಲಿ ಏನೂ ಒತ್ತಬೇಡಿ. ಫಾರ್ಮ್ಯಾಟ್ ಬೇಡ, ಚೆಕ್‌ಡಿಸ್ಕ್ ಬೇಡ, ರಿಪೇರಿ ಸಾಫ್ಟ್‌ವೇರ್ ಬೇಡ. ಬಯೋಸ್‌ನಲ್ಲಿ ಏನಾದರೂ ಬದಲಿಸಿದ್ದರೆ ಮೊದಲಿನಂತೆ ಮಾಡಿಸಿ, ಅದೇ ಕಡ್ಡಿ ಮತ್ತು ಅದೇ ಹಾರ್ಡ್ ಡಿಸ್ಕನ್ನು ಅದೇ ಲ್ಯಾಪ್‌ಟಾಪ್‌ಗೆ ವಾಪಸ್ ಹಾಕಿಸಿ. ಕಡ್ಡಿಯನ್ನು ಅಂಗಡಿಯಲ್ಲಿ ಬಿಟ್ಟು ಬರಬೇಡಿ. ಅವರು ಅದನ್ನು ಇನ್ನೊಂದಕ್ಕೆ ಹಾಕಿ ಅಳಿಸಿದರೆ ದಾರಿಯೇ ಇಲ್ಲ.

ಕಡಿಮೆ ಬೆಲೆಗೆ ಸಿಗುತ್ತದೆ ಅಂತ ಹಳೇ ಆಪ್ಟೇನ್ ಕಡ್ಡಿ ಕೊಳ್ಳುವವರಿಗೂ ಒಂದು ಮಾತು. ಸ್ಲಾಟ್‌ನಲ್ಲಿ ಕೂರುತ್ತದೆ ಅಂದ ಮಾತ್ರಕ್ಕೆ ಕೆಲಸ ಮಾಡಲ್ಲ. ಇಂಟೆಲ್ ಏಳನೇ ತಲೆಮಾರು ಅಥವಾ ಅದರ ನಂತರದ ಪ್ರೊಸೆಸರ್, ಅದಕ್ಕೆ ಒಪ್ಪುವ ಬೋರ್ಡ್ ಮತ್ತು ಬಯೋಸ್, 64 ಬಿಟ್ ವಿಂಡೋಸ್ 10 ಎಲ್ಲ ಬೇಕು. ಎಎಂಡಿ ಕಂಪನಿಯ ಪ್ರೊಸೆಸರ್ ಇರುವ ಯಂತ್ರದಲ್ಲಿ ಅದು ಬರೀ 16 ಜಿಬಿಯ ಸಣ್ಣ ಡಿಸ್ಕ್ ಅಷ್ಟೇ. ಇಂಟೆಲ್ 2022ರಲ್ಲೇ ಆಪ್ಟೇನ್ ವ್ಯವಹಾರ ಮುಚ್ಚುವುದಾಗಿ ಹೇಳಿತು. ಆ ದುಡ್ಡನ್ನು ಎಸ್‌ಎಸ್‌ಡಿಗೆ ಹಾಕಿ. ನನ್ನದೇ ಲ್ಯಾಪ್‌ಟಾಪ್ ಈಗ ಎಸ್‌ಎಸ್‌ಡಿ ಮತ್ತು 12 ಜಿಬಿ ರ‍್ಯಾಮ್‌ನಲ್ಲಿ ಚೆನ್ನಾಗಿ ಓಡುತ್ತಿದೆ. ಎಸ್‌ಎಸ್‌ಡಿ ಹಾಕಿಸಿದ್ದು ತಪ್ಪಲ್ಲ, ಹಾಕಿಸಿದ ಕ್ರಮ ತಪ್ಪು.

ಹೋದ 17 ಹಾಡುಗಳಲ್ಲಿ ನಾಲ್ಕು ಅಮ್ಮನಿಗೆ ಬರುತ್ತವೆ. ಅವರಿಂದ ಹಾಡಿಸಿ ಹಿಡಿದಿದ್ದೇನೆ, ಮೂರು ಕಡೆ ಇಟ್ಟಿದ್ದೇನೆ. ಒಂದು ಆರತಿ ಹಾಡಿನ ಕೊನೆಯ ಎರಡು ನುಡಿ ಅವರಿಗೂ ನೆನಪಿಲ್ಲ.

ತಮ್ಮನ ಹತ್ತಿರವೂ ಇಂಥದ್ದೇ ಲ್ಯಾಪ್‌ಟಾಪ್ ಇದೆ. ಹೋದ ವಾರ ಊರಿಗೆ ಬಂದಾಗ ಅದನ್ನು ತಿರುಗಿಸಿ, ಅಡಿಗೆ ಒಂದು ಚೀಟಿ ಅಂಟಿಸಿ ಮಾರ್ಕರ್‌ನಲ್ಲಿ ದಪ್ಪಗೆ ಬರೆದೆ: "ಒಳಗೆ ಆಪ್ಟೇನ್ ಇದೆ. ಡಿಸೇಬಲ್ ಮಾಡದೆ ಬಿಚ್ಚಬೇಡಿ."